ವಿದ್ಯುತ್ ವಾಹನ: ಸಣ್ಣ ಘಟಕಗಳ ಪಾಲೆಷ್ಟು?

ವಿದ್ಯುತ್ ವಾಹನವು ಬೆಂಗಳೂರಿಗೆ ಹೊಸತೇನಲ್ಲ. ಇಲ್ಲಿಯೇ ತಯಾರಾದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಮುಂದೆ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು 2017ರಲ್ಲಿ ಪ್ರಕಟಿಸಿದ ಮೊದಲ ರಾಜ್ಯವೆಂಬ ಹೆಗ್ಗಳಿಕೆಯೂ ಕರ್ನಾಟಕದ್ದೇ. ಆದರೆ ಈ ಬೆಳವಣಿಗೆಯಲ್ಲಿ ಪೀಣ್ಯದ ಸಣ್ಣ ಘಟಕಗಳಿಗೆ ದೊರೆಯುವ ಪಾಲೆಷ್ಟೆಂದು ಗಟ್ಟಿಯಾಗಿ ಕೇಳಿದವರು ಕಡಿಮೆ.

ಪಿಸ್ಟನ್, ರಿಂಗ್, ವಾಲ್ವ್, ಕ್ರ್ಯಾಂಕ್‌ಶಾಫ್ಟ್, ಇಂಧನ ಪಂಪ್, ಸೈಲೆನ್ಸರ್ - ಬ್ಯಾಟರಿಯಿಂದ ಓಡುವ ವಾಹನಕ್ಕೆ ಇವಾವುವೂ ಬೇಕಿಲ್ಲ. ಬ್ಯಾಂಕಿನ ಸಾಲದಿಂದ ಸಿಎನ್‌ಸಿ ಲೇತು, ಗ್ರೈಂಡಿಂಗ್ ಯಂತ್ರಗಳನ್ನು ಹಾಕಿಕೊಂಡು ಇವನ್ನೇ ತಯಾರಿಸುತ್ತಿರುವ ಉದ್ಯಮಿಯ ಗತಿಯೇನು? ಹೊಸ ವಾಹನಕ್ಕೂ ಮೋಟಾರಿನ ಹೌಸಿಂಗ್, ಶಾಫ್ಟ್, ಬ್ಯಾಟರಿ ಪೆಟ್ಟಿಗೆ, ಕೂಲಿಂಗ್ ಪ್ಲೇಟು, ಬಸ್‌ಬಾರ್‌ಗಳು ಬೇಕೇ ಬೇಕು. ಇವುಗಳಲ್ಲಿ ಹಲವನ್ನು ಮಾಡಬಲ್ಲ ಕೈಚಳಕ ನಮ್ಮ ಕುಶಲಕರ್ಮಿಗಳಿಗಿದೆ. ಇಲ್ಲದಿರುವುದು ಬಂಡವಾಳ ಮತ್ತು ಪರೀಕ್ಷಾ ಸೌಲಭ್ಯ.

ಸರ್ಕಾರದ ಹಣ ಎತ್ತ ಹರಿಯುತ್ತಿದೆ ಎಂಬುದನ್ನೂ ನೋಡಬೇಕು. ವಾಹನೋದ್ಯಮಕ್ಕಾಗಿ ಕೇಂದ್ರವು 2021ರಲ್ಲಿ 25,938 ಕೋಟಿ ರೂಪಾಯಿಗಳ ಉತ್ಪಾದನಾ ಆಧಾರಿತ ಪ್ರೋತ್ಸಾಹಧನ ಯೋಜನೆಯನ್ನು ಮಂಜೂರು ಮಾಡಿತು. ಈಗಾಗಲೇ ಬಿಡಿಭಾಗ ತಯಾರಿಸುತ್ತಿದ್ದ ಕಂಪನಿಯು ಇದಕ್ಕೆ ಅರ್ಹವಾಗಲು ಸಮೂಹದ ವಾರ್ಷಿಕ ವಹಿವಾಟು ಕನಿಷ್ಠ 500 ಕೋಟಿ, ಸ್ಥಿರಾಸ್ತಿಗಳ ಮೇಲಿನ ಹೂಡಿಕೆ 150 ಕೋಟಿ ರೂಪಾಯಿ ಇರಬೇಕೆಂದು ನಿಯಮ. 2025ರ ಏಪ್ರಿಲ್‌ನಿಂದ ಪರಿಷ್ಕೃತವಾದ ವ್ಯಾಖ್ಯೆಯಂತೆ ಮಧ್ಯಮ ಉದ್ಯಮದ ವಹಿವಾಟಿನ ಗರಿಷ್ಠ ಮಿತಿಯೂ 500 ಕೋಟಿಯೇ! ಅಂದರೆ, ನಮ್ಮಂಥವರ ವ್ಯಾಖ್ಯೆ ಮುಗಿಯುವಲ್ಲಿ ಆ ಯೋಜನೆ ಪ್ರಾರಂಭವಾಗುತ್ತದೆ. ಸಣ್ಣ ಉದ್ಯಮದ ಮಿತಿಯಂತೂ 100 ಕೋಟಿ.

ದೊಡ್ಡವರು ಬೆಳೆದರೆ ಆರ್ಡರುಗಳು ತಾವಾಗಿಯೇ ಚಿಕ್ಕವರಿಗೆ ಇಳಿದು ಬರುತ್ತವೆ ಎಂಬ ವಾದವಿದೆ. ಅನುಭವವು ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಸ್ಥಳೀಯ ಬಿಡಿಭಾಗಗಳ ನಿಯಮ ಪಾಲಿಸಲಿಲ್ಲವೆಂದು ಕೆಲವು ದ್ವಿಚಕ್ರ ವಾಹನ ಕಂಪನಿಗಳಿಂದ ಸಹಾಯಧನವನ್ನು ಹಿಂದಿರುಗಿಸುವಂತೆ 2023ರಲ್ಲಿ ಕೇಂದ್ರವೇ ಕೇಳಬೇಕಾಯಿತು. ಆಮದಿನ ಮೇಲಿನ ಅವಲಂಬನೆಯ ಅಪಾಯ ದೊಡ್ಡವರಿಗೂ ತಟ್ಟದೆ ಬಿಡಲಿಲ್ಲ: 2025ರ ಏಪ್ರಿಲ್‌ನಲ್ಲಿ ಚೀನಾವು ವಿರಳ ಭೂಧಾತುಗಳ ಅಯಸ್ಕಾಂತದ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ಮೋಟಾರು ತಯಾರಕರು ಕಂಗಾಲಾದರು.

ರಾಜ್ಯ ಸರ್ಕಾರವು ದೊಡ್ಡ ಹೂಡಿಕೆದಾರರಿಗೆ ಭೂಮಿ ನೀಡುವಾಗ, ಬಿಡಿಭಾಗಗಳ ಖರೀದಿಯಲ್ಲಿ ನಿಗದಿತ ಪಾಲನ್ನು ಇಲ್ಲಿನ ಸಣ್ಣ ಘಟಕಗಳಿಗೆ ಮೀಸಲಿಡುವ ಷರತ್ತು ವಿಧಿಸಬೇಕು. ಪೀಣ್ಯದಲ್ಲೊಂದು ಸಾಮಾನ್ಯ ಪರೀಕ್ಷಾ ಕೇಂದ್ರ ಸ್ಥಾಪನೆಯಾಗಬೇಕು. ಒಂದು ಬ್ಯಾಟರಿ ಪೆಟ್ಟಿಗೆಯ ಕಂಪನ ಪರೀಕ್ಷೆಗೆ ಸಣ್ಣ ಉದ್ಯಮಿ ಪುಣೆಯವರೆಗೆ ಅಲೆಯುವಂತಾಗಬಾರದು. ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿಗೆ ಕೇಂದ್ರದ ಯೋಜನೆಯಿದೆ, ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರವೂ ಇದೆ. ಇವೆರಡನ್ನೂ ಜೋಡಿಸುವ ಮನವಿಯನ್ನು ಬರುವ ರಾಜ್ಯ ಮುಂಗಡಪತ್ರಕ್ಕೆ ಮುನ್ನವೇ ನಮ್ಮ ಸಂಸ್ಥೆ ಸಲ್ಲಿಸುವುದು ಉಚಿತ. ಸದಸ್ಯರು ತಮ್ಮಲ್ಲಿರುವ ಯಂತ್ರಗಳು ಮತ್ತು ಈಗ ತಯಾರಿಸುತ್ತಿರುವ ಭಾಗಗಳ ವಿವರವನ್ನು ಕಚೇರಿಗೆ ತಲುಪಿಸಿದರೆ ಆ ಮನವಿಗೆ ಬಲ ಬರುತ್ತದೆ.