ಪಾರ್ಲರ್ ಕಲಿಕೆಯ ‘ಬ್ಯಾಡ’ ಅನ್ನೋ ಪಾಠ ನಮ್ಮ ಮಾತಿಗೂ ಬರಲಿ

ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕಡೆ ಹತ್ತನೇ ತರಗತಿ ಮುಗಿಸಿದ ಹೆಣ್ಣುಮಕ್ಕಳಿಗೆ ಹಿಂದೆ ‘ಹೊಲಿಗೆ ಕಲಿ’ ಎನ್ನುತ್ತಿದ್ದರು. ಈಗ ‘ಬ್ಯೂಟಿಷಿಯನ್ ಕೋರ್ಸ್ ಮಾಡು’ ಎನ್ನುತ್ತಾರೆ. ಹಿಂದೂಪುರದಲ್ಲೋ ಶಿರಾದಲ್ಲೋ ಒಂದಷ್ಟು ದಿನ ಕಲಿತು ಬೆಂಗಳೂರಿಗೆ ಹೋದರೆ ಪಾರ್ಲರಿನಲ್ಲೋ ಸ್ಪಾದಲ್ಲೋ ಕೆಲಸ ಸಿಕ್ಕೀತು ಎಂಬ ಆಸೆ. ಆಸೆ ತಪ್ಪಲ್ಲ. ಕಡ್ಲೆಕಾಯಿ ಮಾರಿದ ದುಡ್ಡು, ರೇಷ್ಮೆಗೂಡಿನ ದುಡ್ಡು ಇದಕ್ಕೆ ಹೋಗುತ್ತಿದೆ. ಹಾಗಾಗಿ ‘ಇದು ಹೆಂಗಸರ ವಿಷಯ, ಹೊಲ ಉಳೋ ಕವಿಗೆ ಇದರಲ್ಲೇನು ಕೆಲಸ?’ ಎಂದು ಯಾರೂ ನಗಬೇಕಾಗಿಲ್ಲ.

ನನ್ನ ತಕರಾರು ಇರುವುದು ಬೋರ್ಡುಗಳ ಮೇಲಿನ ಒಂದು ಪದದ ಬಗ್ಗೆ: ‘ಇಂಟರ್‌ನ್ಯಾಷನಲ್’. ಎರಡು ಕುರ್ಚಿ, ಒಂದು ಕನ್ನಡಿ ಇಟ್ಟವರೂ ‘ಇಂಟರ್‌ನ್ಯಾಷನಲ್ ಡಿಪ್ಲೊಮಾ’ ಕೊಡುತ್ತಾರೆ. ಅಂಥದ್ದೊಂದು ನಿಜಕ್ಕೂ ಇದೆಯೇ ಎಂದರೆ, ಇದೆ. 1946ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ‘ಸಿಡೆಸ್ಕೊ’ ಎಂಬ ಸಂಸ್ಥೆ ಹುಟ್ಟಿತು. ಈಗ ಅದರ ಕಚೇರಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದೆ. (ಸ್ಪಾ ಎಂಬ ಹೆಸರಿನ ಊರೂ ಅದೇ ಬೆಲ್ಜಿಯಂನಲ್ಲಿದೆ. ಅಲ್ಲಿನ ಖನಿಜದ ನೀರಿನ ಬುಗ್ಗೆಗಳಿಂದಲೇ ಈ ಮಾತು ಲೋಕಕ್ಕೆಲ್ಲ ಹಬ್ಬಿದ್ದು.) ಸಿಡೆಸ್ಕೊ ಡಿಪ್ಲೊಮಾಕ್ಕೆ ಮಾನ್ಯತೆ ಪಡೆದ ಶಾಲೆಯಲ್ಲಿ 1200 ಗಂಟೆ ಕಲಿಯಬೇಕು, ಆಮೇಲೆ 600 ಗಂಟೆ ಕೆಲಸ ಮಾಡಿದ ಅನುಭವ ಬೇಕು. ಕಲಿಸಿದವರೇ ಪಾಸು ಮಾಡಿ ಕಳಿಸುವಂತಿಲ್ಲ, ಹೊರಗಿನ ಪರೀಕ್ಷಕರು ಬಂದು ಕೈಕೆಲಸ ನೋಡುತ್ತಾರೆ. ಅಷ್ಟು ದೂರ ಯಾಕೆ? ನಮ್ಮ ಸರ್ಕಾರದ ಐಟಿಐಗಳಲ್ಲಿ ಕಾಸ್ಮೆಟಾಲಜಿ ಅಂತ ಒಂದು ವರ್ಷದ ಟ್ರೇಡ್ ಇದೆ. ಹತ್ತನೇ ತರಗತಿ ಆಗಿದ್ದರೆ ಸೇರಬಹುದು. 2022ರಲ್ಲಿ ಪರಿಷ್ಕರಿಸಿದ ಪಠ್ಯದಲ್ಲಿ ಅದಕ್ಕೂ ಲೆಕ್ಕ 1200 ಗಂಟೆಯೇ.

ನಮ್ಮ ಅಕ್ಕನ ಮಗಳು ಹೋದದ್ದು ಇವೆರಡಕ್ಕೂ ಅಲ್ಲ. ಮೂರು ತಿಂಗಳು, ಅರವತ್ತು ಸಾವಿರ ರೂಪಾಯಿ, ಕೊನೆಗೆ ಚಿನ್ನದ ಅಂಚಿನ ಸರ್ಟಿಫಿಕೇಟು. ಬೆಂಗಳೂರಿನಲ್ಲಿ ಕೆಲಸ ಕೇಳಲು ಹೋದಾಗ ಅಲ್ಲಿನ ಮೇಡಂ ಅದನ್ನು ತಿರುಗಿಸಿ ನೋಡಿ, ‘ಪರೀಕ್ಷೆ ಯಾರು ಮಾಡಿದ್ರಮ್ಮ?’ ಅಂತ ಒಂದೇ ಮಾತು ಕೇಳಿದರಂತೆ. ಕಲಿಸಿದವರೇ ಪರೀಕ್ಷೆ ಮಾಡಿದ್ದರು, ಅವರೇ ಸರ್ಟಿಫಿಕೇಟು ಅಚ್ಚು ಹಾಕಿಸಿದ್ದರು. ಹುಡುಗಿ ಈಗ ಒಂದು ಕಡೆ ನೆಲ ಗುಡಿಸುತ್ತಾ, ಟವೆಲು ಒಗೆಯುತ್ತಾ ಮೊದಲಿನಿಂದ ಕಲಿಯುತ್ತಿದ್ದಾಳೆ.

ಹೋದ ಸಲ ಹಬ್ಬಕ್ಕೆ ಬಂದಾಗ ‘ಏನೇನು ಕಲಿಸಿದ್ರೇ ಅಲ್ಲಿ?’ ಎಂದು ಕೇಳಿದೆ. ಹುಬ್ಬು ತೀಡೋದು, ಫೇಷಿಯಲ್ಲು, ಮದುಮಗಳ ಅಲಂಕಾರ, ಕೂದಲು ನೆಟ್ಟಗೆ ಮಾಡೋದು. ‘ಯಾವಾಗ ಮಾಡಬಾರದು ಅಂತ ಕಲಿಸಲಿಲ್ವಾ?’ ಎಂದರೆ ಸುಮ್ಮನಾದಳು. ಈ ವಿದ್ಯೆಯ ಜೀವ ಇರೋದು ಅಲ್ಲೇ ಎಂದು ನಾನು ತಿಳಿದಿದ್ದೇನೆ. ಒಳ್ಳೆಯ ಶಾಲೆಗಳಲ್ಲಿ ಕೈಗೆ ಎಣ್ಣೆ ಹಚ್ಚಿಕೊಳ್ಳೋ ಮೊದಲೇ ಒಂದು ಕಾರ್ಡು ತುಂಬಿಸುವುದನ್ನು ಕಲಿಸುತ್ತಾರೆ. ಬಂದವರಿಗೆ ಸಕ್ಕರೆ ಕಾಯಿಲೆ ಇದೆಯಾ, ಬಸುರಿಯಾ, ಯಾವ ಮಾತ್ರೆ ನುಂಗುತ್ತಾರೆ, ಹಿಂದೆ ಯಾವುದಕ್ಕಾದರೂ ಮೈ ಕೆರೆದು ದದ್ದು ಎದ್ದಿತ್ತಾ. ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿನೀರು ತಾಗಿದ್ದೂ ತಿಳಿಯುವುದಿಲ್ಲ, ಬ್ಲೇಡು ತಾಗಿದ್ದೂ ತಿಳಿಯುವುದಿಲ್ಲ. ತಲೆ ತೊಳೆಯುವ ಬೇಸಿನ್ನಿನ ಅಂಚಿಗೆ ಕತ್ತು ಹಿಂದಕ್ಕೆ ಬಾಗಿಸಿ ತುಂಬಾ ಹೊತ್ತು ಇಟ್ಟರೆ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಬಹುದು. 1993ರಲ್ಲೇ ಅಮೆರಿಕದ ವೈದ್ಯರೊಬ್ಬರು ಇದಕ್ಕೆ ‘ಬ್ಯೂಟಿ ಪಾರ್ಲರ್ ಸ್ಟ್ರೋಕ್’ ಎಂದು ಹೆಸರಿಟ್ಟು ಬರೆದರು. 2022ರಲ್ಲಿ ಹೈದರಾಬಾದಿನಲ್ಲಿ ಐವತ್ತು ವರ್ಷದ ಹೆಂಗಸೊಬ್ಬರಿಗೆ ಹೀಗೇ ಆಯಿತೆಂದು ಪೇಪರಿನವರೆಲ್ಲ ಬರೆದರು.

ಇನ್ನೊಂದು, ಆ ನೀಲಿ ದೀಪದ ಪೆಟ್ಟಿಗೆ. ಕತ್ತರಿ, ಚಿಮಟ ಅದರಲ್ಲಿಟ್ಟರೆ ಶುದ್ಧ ಆಯಿತೆಂದು ಎಷ್ಟೋ ಜನ ನಂಬಿದ್ದಾರೆ. ತೊಳೆದು ಶುದ್ಧ ಮಾಡಿದ ಸಾಮಾನನ್ನು ಶುದ್ಧವಾಗಿ ಇಡೋದಕ್ಕೆ ಆ ಪೆಟ್ಟಿಗೆ, ಕೊಳೆಯಾದದ್ದನ್ನು ಶುದ್ಧ ಮಾಡೋದಕ್ಕಲ್ಲ. ರಕ್ತ ತಾಗಿದ ಲೋಹದ ಸಾಮಾನಿಗೆ ಆಸ್ಪತ್ರೆಯವರ ಹಾಗೆ ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಯಲ್ಲಿ 15 ನಿಮಿಷ ಬೇಕು. ಬ್ಲೇಡು ಒಬ್ಬರಿಗೆ ಒಂದು, ಆಮೇಲೆ ಬಿಸಾಡೋದು. ಕಾಮಾಲೆ ತರುವ ಹೆಪಟೈಟಿಸ್ ಬಿ ಆಗಲಿ, ಎಚ್‌ಐವಿ ಆಗಲಿ ಸರ್ಟಿಫಿಕೇಟಿನ ಚಿನ್ನದ ಅಂಚು ನೋಡಿ ದೂರ ನಿಲ್ಲುವುದಿಲ್ಲ.

ಇದನ್ನೆಲ್ಲ ನಮ್ಮ ಹುಡುಗಿಯರಿಗೆ ಯಾವ ಮಾತಿನಲ್ಲಿ ಹೇಳುತ್ತಿದ್ದಾರೆ? ಇಂಗ್ಲಿಷಿನಲ್ಲಿ ‘ಕಾಂಟ್ರಾಇಂಡಿಕೇಷನ್’ ಎಂಬ ದೊಡ್ಡ ಪದ ಇದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವುದಕ್ಕೆ ಅದು ಚೆನ್ನಾಗಿದೆ. ತೆಲುಗಿನಲ್ಲಿ ‘ವದ್ದು’ ಎಂದರೆ ಸಾಕು, ನಮ್ಮಲ್ಲಿ ‘ಬ್ಯಾಡ’ ಎಂದರೆ ಸಾಕು, ಮಗುವಿಗೂ ಗೊತ್ತಾಗುತ್ತದೆ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವವನಾಗಿ ಹೇಳುತ್ತೇನೆ, ಪದ ಚಿಕ್ಕದಾದಷ್ಟೂ ಕೈಯನ್ನು ಬೇಗ ತಡೆಯುತ್ತದೆ.

ಸ್ಥಳೀಯ ಭಾಷೆಯ ಮಾತು ನಾನು ಹುಟ್ಟಿಸಿದ್ದಲ್ಲ, ಕಾನೂನಿನಲ್ಲೇ ಇದೆ. ತಲೆಗೆ ಹಚ್ಚುವ ಕಪ್ಪುಬಣ್ಣದಲ್ಲಿ ಪಿಪಿಡಿ ಎಂಬ ರಾಸಾಯನಿಕ ಇದ್ದರೆ, ‘ಕೆಲವರ ಚರ್ಮಕ್ಕೆ ಉರಿ ತರಬಹುದು, ಮೊದಲು ಪರೀಕ್ಷೆ ಮಾಡಿ, ಹುಬ್ಬಿಗೂ ರೆಪ್ಪೆಗೂ ಹಚ್ಚಬೇಡಿ, ಕುರುಡಾಗಬಹುದು’ ಎಂಬ ಎಚ್ಚರಿಕೆ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಗಳಲ್ಲೂ ಇರಬೇಕು. ಕಿವಿಯ ಹಿಂದೆಯೋ ಮುಂಗೈ ಒಳಗಡೆಯೋ ಸ್ವಲ್ಪ ಹಚ್ಚಿ 24 ಗಂಟೆ ಕಾಯಬೇಕು, ಅದೂ ಪ್ರತಿ ಸಲವೂ ಮಾಡಬೇಕು ಎನ್ನುತ್ತದೆ ಒಳಗಿನ ಚೀಟಿ. ಮದುವೆ ಹಿಂದಿನ ಸಂಜೆ ಬಂದವರಿಗೆ ‘ನಾಳೆ ಬನ್ನಿ’ ಎನ್ನುವ ಧೈರ್ಯ ಬರಬೇಕಾದರೆ ಆ ಚೀಟಿಯಲ್ಲಿರುವುದು ಹುಡುಗಿಗೆ ಅರ್ಥವಾಗಿರಬೇಕು. ಎಂಟಾಣೆಯ ಡಬ್ಬಿಗೆ ಸ್ಥಳೀಯ ಭಾಷೆ ಬೇಕು, ಆ ಡಬ್ಬಿ ಬಿಚ್ಚುವ ಕೈಗೆ ಬೇಡವೇ? ನಮ್ಮಲ್ಲಿ ಸ್ಥಳೀಯ ಭಾಷೆ ಯಾವುದು ಎಂಬ ಪ್ರಶ್ನೆಯೂ ಇದೆ. 2022ರಲ್ಲಿ ನಾವು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. ಜಿಲ್ಲೆಯ ಹೆಸರು ಬದಲಾಯಿತು, ಮನೆಯೊಳಗಿನ ಕನ್ನಡ ಹಾಗೇ ಇದೆ.

ಅಂಗಡಿಯವರಿಗೂ ಒಂದು ಮಾತಿದೆ. ಹೆಸರಿಲ್ಲದ, ಊರಿಲ್ಲದ ‘ಬೆಳ್ಳಗಾಗೋ ಕ್ರೀಮು’ ಫ್ಯಾನ್ಸಿ ಸ್ಟೋರುಗಳಿಂದ ಪಾರ್ಲರಿಗೆ ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟದ್ದನ್ನು ವೈದ್ಯರು ಪತ್ತೆ ಹಚ್ಚಿದರು. ಅದರಲ್ಲಿದ್ದದ್ದು ಪಾದರಸ. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಇಲ್ಲದ ಡಬ್ಬಿಯನ್ನು ದಯವಿಟ್ಟು ತರಿಸಬೇಡಿ. ಬಿತ್ತನೆ ಬೀಜದ ಮೂಟೆಗೆ ಚೀಟಿ ಇಲ್ಲದಿದ್ದರೆ ನಾವು ಅಂಗಡಿ ಮುಂದೆ ಗಲಾಟೆ ಮಾಡುವುದಿಲ್ಲವೇ?

‘ಬೆಂಗಳೂರಿನ ಗಿರಾಕಿ ಇಂಗ್ಲಿಷು ಕೇಳ್ತಾರೆ, ನೀವು ಕನ್ನಡ ತೆಲುಗು ಅಂತ ಹುಡುಗಿಯರ ದಾರಿಗೆ ಅಡ್ಡ ಬರ್ತೀರಿ’ ಎಂದು ಗೆಳೆಯರೊಬ್ಬರು ರೇಗಿದರು. ಗಿರಾಕಿಯ ಜೊತೆ ಮಾತಾಡುವಷ್ಟು ಇಂಗ್ಲಿಷು ಖಂಡಿತ ಕಲಿಯಲಿ, ಅದೂ ಪಾಠದಲ್ಲಿ ಸೇರಲಿ. ಆದರೆ ಅಪಾಯದ ಪಾಠ ಮೊದಲು ಮನೆಮಾತಿನಲ್ಲಿ ತಲೆಗೆ ಇಳಿಯಬೇಕು.

ಈ ವಿದ್ಯೆ ನಮಗೆ ಪೂರ್ತಿ ಹೊಸದೂ ಅಲ್ಲ. ಯುಗಾದಿಯ ಎಣ್ಣೆಸ್ನಾನ, ತೆಲುಗು ಮದುವೆಯ ನಲುಗು, ನಾವು ಅಂಟುವಾಳ ಎನ್ನುವುದನ್ನೇ ಅವರು ಕುಂಕುಡುಕಾಯಿ ಎಂದು ಕುಟ್ಟಿ ನೆನೆಸುವುದು, ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದವು. ಕ್ಷೌರದ ಮನೆತನಗಳವರು ತಲೆ ಒತ್ತುವುದು, ಮೈ ತಿಕ್ಕುವುದು, ಉಳುಕು ತೆಗೆಯುವುದನ್ನು ತಲೆಮಾರುಗಳಿಂದ ಬಲ್ಲರು. ಕರ್ನಾಟಕದಲ್ಲಿ ಅವರಿಗೆ ಸವಿತಾ ಸಮಾಜ ಎಂಬ ಹೆಸರು, ಗಡಿ ದಾಟಿದರೆ ನಾಯೀ ಬ್ರಾಹ್ಮಣರು. ಅವರ ಮೂವತ್ತು ವರ್ಷದ ಕೈಪಳಗಿಕೆಯನ್ನು ಯಾರೂ ಗಂಟೆ ಲೆಕ್ಕದಲ್ಲಿ ಬರೆದಿಟ್ಟಿಲ್ಲ. ಮೊದಲೇ ಬಲ್ಲ ವಿದ್ಯೆಯನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ದಾರಿ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇಟ್ಟಿದ್ದರು. ಅದು ಇವರ ಬಾಗಿಲಿಗೆ ಬರಬೇಕು. ಶುಚಿತ್ವದ ಹೊಸ ಪಾಠವನ್ನು ಅವರೂ ಕಲಿಯಬೇಕು, ಅದರಲ್ಲಿ ರಿಯಾಯಿತಿ ಬೇಡ.

ಆಂಧ್ರ, ಕರ್ನಾಟಕ ಎರಡೂ ಸರ್ಕಾರಗಳ ತರಬೇತಿ ಇಲಾಖೆಗಳು ಕೂತು, ಐಟಿಐ ಕಾಸ್ಮೆಟಾಲಜಿ ಪಾಠದ ಸುರಕ್ಷತೆಯ ಭಾಗವನ್ನಾದರೂ ಒಂದು ಪುಟದಲ್ಲಿ ತೆಲುಗು, ಎದುರು ಪುಟದಲ್ಲಿ ಕನ್ನಡ ಎಂಬಂತೆ ಸಣ್ಣ ಪುಸ್ತಕವಾಗಿ ತರಲಿ. ಪದಗಳಿಗೆ ಪರದಾಟವಾದರೆ ಎಸ್ಸೆಸ್ಸೆಲ್ಸಿ ಓದಿದ ನಾನೂ ಬಂದು ಕೂರುತ್ತೇನೆ, ಸಂಭಾವನೆ ಬೇಡ. ಅದು ಬರುವ ತನಕ, ಮಗಳ ಕೋರ್ಸಿಗೆ ದುಡ್ಡು ಎಣಿಸುವ ಅಪ್ಪಂದಿರು ನಾಲ್ಕು ಮಾತು ಕೇಳಿ: ಒಟ್ಟು ಎಷ್ಟು ಗಂಟೆ? ಅದರಲ್ಲಿ ಕೈಕೆಲಸ ಎಷ್ಟು? ಪರೀಕ್ಷೆಗೆ ಹೊರಗಿನವರು ಬರುತ್ತಾರಾ? ಸಾಮಾನು ಶುದ್ಧ ಮಾಡೋ ಯಂತ್ರ ಎಲ್ಲಿದೆ, ತೋರಿಸಿ.