ಮಟ್ಟಳಿದ ಹಾಡು

ಕೊರಿಯಾ ದೇಶದ ಪ್ರೇಮಗೀತೆಗಳನ್ನು ತರುಣ ತರುಣಿಯರು ತನ್ಮಯರಾಗಿ ಕೇಳುವುದನ್ನು ಕಂಡು, “ಒಂದು ಮಾತೂ ತಿಳಿಯದ ಹಾಡಿನಲ್ಲಿ ಇವರಿಗೇನು ರಸ?” ಎಂದು ಮೂಗು ಮುರಿಯುವ ಹಿರಿಯರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ವಿದ್ಯಾವಂತ ಮನೆಗಳಲ್ಲಿಯೂ ಉಂಟು. ಆಕ್ಷೇಪಣೆಯು ಮೇಲ್ನೋಟಕ್ಕೆ ಸಮಂಜಸವಾಗಿ ತೋರಿದರೂ ವಿಚಾರಕ್ಕೆ ನಿಲ್ಲತಕ್ಕುದಲ್ಲ. ವೀಣೆಯ ಆಲಾಪನೆಗೆ ತಲೆದೂಗುವವರು ಯಾವ ಮಾತನ್ನು ತಿಳಿದು ತಲೆದೂಗುತ್ತಾರೆ? ತೆಲುಗನ್ನರಿಯದೆ ತ್ಯಾಗರಾಜರ ಕೃತಿಗಳಿಗೆ ಕಣ್ಣೀರಿಡುವವರು ಕನ್ನಡನಾಡಿನಲ್ಲಿ ಕಡಮೆಯೇ?

ಕೊರಿಯನ್ನರು ‘ಬಲ್ಲಾಡ್’ ಎಂದು ಕರೆಯುವ ಈ ಗೀತಪ್ರಕಾರವು 1980ರ ದಶಕದಲ್ಲಿ ಲೀ ಮೂನ್ ಸೆ, ಯೂ ಜೆ ಹಾ ಮೊದಲಾದವರಿಂದ ಜನಪ್ರಿಯವಾಯಿತು. ಯೂ ಜೆ ಹಾ 1987ರಲ್ಲಿ ಒಂದೇ ಒಂದು ಗೀತಸಂಪುಟವನ್ನು ಹೊರಡಿಸಿ, ಅದೇ ವರ್ಷ ಕಾಲವಾದನು. ಪಿಯಾನೋದ ಮೆಲುದನಿಯೊಡನೆ ಪಿಸುಮಾತಿನಂತೆ ಮೊದಲಾಗುವ ಕಂಠವು ತಂತಿವಾದ್ಯಗಳು ತುಂಬಿದಂತೆ ಬಲಗೊಳ್ಳುತ್ತದೆ. ಕೊನೆಯ ಪಲ್ಲವಿಯಲ್ಲಿ ಎಷ್ಟೋ ವೇಳೆ ಶ್ರುತಿಯೇ ಅರ್ಧ ಸ್ವರದಷ್ಟು ಮೇಲೇರುತ್ತದೆ. ಅಗಲಿಕೆಯ ಅಳಲು ಇಲ್ಲಿ ಮಾತಿಗಿಂತ ಮುಂಚೆ ನಾದದಿಂದಲೇ ಎದೆಯನ್ನು ಮುಟ್ಟುತ್ತದೆ. ಹಾಡಿನ ಅರ್ಧಭಾಗ ನಾದವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೀಗಿರಲು, ನಿಜವಾದ ತಪ್ಪು ತರುಣರಲ್ಲಿಲ್ಲ. ಮನೆಯ ಹಾಡನ್ನು ಕೇವಲ ಓದುವ ವಸ್ತುವಾಗಿ ಮಾಡಿದ ವಿದ್ಯಾವಂತರಲ್ಲಿದೆ. ಹರಪನಹಳ್ಳಿ ಭೀಮವ್ವನವರು (1823–1903) ಭೀಮೇಶಕೃಷ್ಣನ ಅಂಕಿತದಲ್ಲಿ ರಚಿಸಿದ ಹಾಡುಗಳು ಹೆಂಗಸರ ಕಂಠದಿಂದ ಕಂಠಕ್ಕೆ ಹರಿದುಬಂದವು. ಅವರ ‘ನಳಚರಿತ್ರೆ’ಯ ಕಥೆಗಿಂತ ಮಿಗಿಲಾದ ವಿರಹಕಥೆ ಯಾವುದು? ಅರಣ್ಯದಲ್ಲಿ ಅರ್ಧ ಸೀರೆಯೊಡನೆ ಎಚ್ಚತ್ತ ದಮಯಂತಿಯ ದುಃಖವನ್ನು ಕಣ್ಣು ಒಂದು ನಿಮಿಷದಲ್ಲಿ ಓದಿ ಮುಗಿಸುತ್ತದೆ; ಕಂಠವಾದರೋ ಸಾಲನ್ನು ಮರಳಿ ಮರಳಿ ಎಳೆದು, ಕೇಳುವವರನ್ನು ಆ ಅಡವಿಯಲ್ಲಿಯೇ ನಿಲ್ಲಿಸುತ್ತದೆ.

“ಸಾಹಿತ್ಯವು ಅಚ್ಚಾಗಿದೆಯಲ್ಲ, ಮಟ್ಟು ಹೋದರೇನು?” ಎನ್ನುವ ಪಂಡಿತರುಂಟು. ರಾಗದ ಹೆಸರನ್ನು ಹಾಡಿನ ಮೇಲೆ ಬರೆದ ಮಾತ್ರಕ್ಕೆ ಎಳೆತ, ತಡೆತ, ಬಿಗಿಹಿಡಿದ ಉಸಿರು ಕಾಗದಕ್ಕಿಳಿಯುವುದಿಲ್ಲ. ಮಟ್ಟನ್ನು ಬಲ್ಲ ಕೊನೆಯ ಅಜ್ಜಿಯು ಕಣ್ಮುಚ್ಚಿದ ದಿನ, ಪುಸ್ತಕವೆಷ್ಟು ಅಂದವಾಗಿದ್ದರೂ ಹಾಡು ಮೂಕವಾದಂತೆಯೇ ಸರಿ.

ಕೊರಿಯನ್ನರು ಹೊಸತನ್ನು ಹಾಡುತ್ತ ಹಳತನ್ನು ಬಿಡಲಿಲ್ಲ. ಪ್ರಾಂತಪ್ರಾಂತಕ್ಕೂ ಬೇರೆ ಬೇರೆ ಮಟ್ಟುಗಳುಳ್ಳ ಅವರ ಜನಪದಗೀತೆ ‘ಅರಿರಂಗ್’ 2012ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಈ ಐದು ಊರುಗಳ ಗೃಹಸ್ಥರು ಮಕ್ಕಳನ್ನು ಗದರಿಸುವುದನ್ನು ಬಿಟ್ಟು, ಮನೆಯ ಹಿರಿಯ ಹೆಂಗಸರನ್ನು ಹಾಡಿಸಲಿ. ಯಾರಿಂದ ಕಲಿತದ್ದು, ಯಾವ ಸಂದರ್ಭದ್ದು ಎಂಬುದನ್ನೂ ಕೇಳಿ ಬರೆದಿಡಲಿ. ಕೊರಿಯದ ಕಂಠವನ್ನು ಕೂಡ್ಲಿಗಿಗೆ ತಂದ ಮೊಬೈಲೇ ಹರಪನಹಳ್ಳಿಯ ಅಜ್ಜಿಯ ಕಂಠವನ್ನೂ ಹಿಡಿದಿಡಬಲ್ಲುದು. ಅದಕ್ಕೆ ಬೇಕಾದುದು ಹಣವಲ್ಲ, ವಿದ್ವತ್ತೂ ಅಲ್ಲ. ಒಂದು ಸಂಜೆಯ ವಿರಾಮ ಮತ್ತು ಕೇಳುವ ಕಿವಿ.