ಬಾಡಿಗೆ ಮನೆ: ಕರಾರು ಇಲ್ಲದಿದ್ದರೆ ನಾಗ್ಪುರದ ಕಳಮನಾದಲ್ಲಿ ಬಾಡಿಗೆದಾರನ ಮಾತೇ ಮೇಲು! ಬೆಂಗಳೂರಿಗೆ ಯಾಕಿಲ್ಲ ಈ ನಿಯಮ?

ದೊಡ್ಡ ನಗರದಲ್ಲಿ ಮನೆ ಹುಡುಕುವವರು ಮೊದಲು ಕೇಳುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ಬರುತ್ತಾ ಎಂದು. ಕರಾರು ಪತ್ರದ ಮಾತು ಬರುವುದು ಕೊನೆಗೆ. ಹಲವೆಡೆ ಅದೂ ಬರುವುದಿಲ್ಲ. ಆದರೆ ಮುಂದೆ ತಕರಾರು ಎದ್ದಾಗ ಲೆಕ್ಕಕ್ಕೆ ಬರುವುದು ಆ ಕಾಗದವೇ. ಈ ವಿಷಯದಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಕಾನೂನುಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ತಿಳಿಯಲು ನಾಗ್ಪುರದ ಕಳಮನಾ ಒಳ್ಳೆಯ ಉದಾಹರಣೆ.

ಎಲ್ಲಿದೆ ಈ ಕಳಮನಾ?

ನಾಗ್ಪುರದ ಪೂರ್ವ ಭಾಗದಲ್ಲಿರುವ ಕಳಮನಾ ಹೆಸರಾಗಿರುವುದು ಎಪಿಎಂಸಿ ಯಾರ್ಡ್‌ನಿಂದ. ಕಿತ್ತಳೆ, ಮೆಣಸಿನಕಾಯಿ, ಧಾನ್ಯ, ತರಕಾರಿಯ ದೊಡ್ಡ ವಹಿವಾಟು ಇಲ್ಲಿ ನಡೆಯುತ್ತದೆ. ಬೆಂಗಳೂರಿಗೆ ಯಶವಂತಪುರ, ಹುಬ್ಬಳ್ಳಿಗೆ ಅಮರಗೋಳ ಇದ್ದಂತೆ ನಾಗ್ಪುರಕ್ಕೆ ಕಳಮನಾ.

ಇಂಥ ಮಾರುಕಟ್ಟೆಯ ಸುತ್ತ ಎರಡು ಬಗೆಯ ಬಾಡಿಗೆದಾರರು ಇರುತ್ತಾರೆ. ಒಂದು ಕಡೆ ಹಮಾಲರು, ಲಾರಿ ಚಾಲಕರು, ಹಂಗಾಮಿನ ಕೂಲಿಗಳು. ಇವರಿಗೆ ಬೇಕಾಗಿರುವುದು ಯಾರ್ಡ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋಣೆ. ಇನ್ನೊಂದು ಕಡೆ, ಊರಿನ ಮಧ್ಯಭಾಗದ ಬಾಡಿಗೆ ಭರಿಸಲಾಗದ ಸಂಬಳದಾರ ಕುಟುಂಬಗಳು. 2022ರ ಡಿಸೆಂಬರ್‌ನಲ್ಲಿ ನಾಗ್ಪುರ ಮೆಟ್ರೋದ ಆಕ್ವಾ ಮಾರ್ಗ ಪೂರ್ವದ ಪ್ರಜಾಪತಿ ನಗರದವರೆಗೆ ಬಂದಿತು. ಕೆಲಸಕ್ಕೆ ಪಶ್ಚಿಮ ನಾಗ್ಪುರಕ್ಕೆ ಹೋಗುವವರಿಗೂ ಈ ಭಾಗದಲ್ಲಿ ಮನೆ ಮಾಡುವುದು ಈಗ ಸುಲಭ.

ಮಹಾರಾಷ್ಟ್ರದ ಕಾನೂನು ಹೇಳುವುದೇನು?

ಮಹಾರಾಷ್ಟ್ರದ ಬಾಡಿಗೆ ನಿಯಂತ್ರಣ ಕಾಯ್ದೆ 1999ರದ್ದು. ಅದರ 55ನೇ ಸೆಕ್ಷನ್ ಪ್ರಕಾರ, ಮನೆಯನ್ನು ಬಾಡಿಗೆಗೆ ಕೊಟ್ಟರೂ 'ಲೀವ್ ಅಂಡ್ ಲೈಸೆನ್ಸ್' ಮೇಲೆ ಕೊಟ್ಟರೂ ಕರಾರು ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ಹನ್ನೊಂದು ತಿಂಗಳ ಕರಾರಿಗೂ ಇದರಿಂದ ವಿನಾಯಿತಿ ಇಲ್ಲ.

ನೋಂದಣಿ ಮಾಡಿಸುವ ಹೊಣೆ ಬಾಡಿಗೆದಾರನದಲ್ಲ, ಮಾಲೀಕನದು. ತಪ್ಪಿದರೆ ಮಾಲೀಕನಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ.

ಇದಕ್ಕಿಂತ ಮುಖ್ಯವಾದ ಮಾತು ಅದೇ ಸೆಕ್ಷನ್‌ನಲ್ಲಿದೆ. ನೋಂದಾಯಿತ ಕರಾರು ಇಲ್ಲದಿದ್ದಾಗ, ಬಾಡಿಗೆ ಎಷ್ಟು, ಷರತ್ತು ಏನು ಎಂಬ ಬಗ್ಗೆ ಬಾಡಿಗೆದಾರ ಹೇಳಿದ್ದನ್ನೇ ಒಪ್ಪಬೇಕು. ಅದು ಸುಳ್ಳೆಂದು ಸಾಬೀತು ಮಾಡುವ ಭಾರ ಮಾಲೀಕನ ಮೇಲೆ ಬೀಳುತ್ತದೆ.

ಹಾಗೆಂದು ಕಾನೂನು ಮಾಲೀಕರನ್ನು ಕೈಬಿಟ್ಟಿಲ್ಲ. 24ನೇ ಸೆಕ್ಷನ್ ಪ್ರಕಾರ, ಲೈಸೆನ್ಸ್ ಅವಧಿ ಮುಗಿದ ಮೇಲೂ ಮನೆ ಬಿಡದವರ ವಿರುದ್ಧ ಮಾಲೀಕ ಸಕ್ಷಮ ಪ್ರಾಧಿಕಾರಕ್ಕೆ ಹೋಗಬಹುದು. ಬಿಡದೇ ಉಳಿದ ಅವಧಿಗೆ ಎರಡು ಪಟ್ಟು ಶುಲ್ಕ ವಸೂಲಿಗೂ ಅವಕಾಶವಿದೆ. ಮನೆ ಕೈತಪ್ಪುತ್ತದೆ ಎಂಬ ಭಯ ಕಡಿಮೆಯಾದರೆ ದೊಡ್ಡ ಠೇವಣಿಗೆ ಪಟ್ಟು ಹಿಡಿಯುವ ಕಾರಣವೂ ಕಡಿಮೆಯಾಗುತ್ತದೆ.

ಖರ್ಚು ಎಷ್ಟು?

ನೋಂದಣಿ ಎಂದರೆ ಸಾವಿರಾರು ರೂಪಾಯಿ ಖರ್ಚು, ಕಚೇರಿ ಅಲೆದಾಟ ಎಂಬ ಭಾವನೆ ಇದೆ. ಲೆಕ್ಕ ಹಾಗಿಲ್ಲ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಮುದ್ರಾಂಕ ಶುಲ್ಕ ಶೇ 0.25. ಒಟ್ಟು ಬಾಡಿಗೆ ಮತ್ತು ಠೇವಣಿಯ ಮೇಲೆ ವರ್ಷಕ್ಕೆ ಶೇ 10ರಂತೆ ಲೆಕ್ಕ ಹಾಕಿದ ಬಡ್ಡಿಯನ್ನು ಕೂಡಿಸಿ ಇದನ್ನು ವಿಧಿಸಲಾಗುತ್ತದೆ.

ತಿಂಗಳಿಗೆ 10,000 ರೂ. ಬಾಡಿಗೆ, 30,000 ರೂ. ಠೇವಣಿ, 11 ತಿಂಗಳ ಅವಧಿ ಎಂದುಕೊಳ್ಳೋಣ. ಮುದ್ರಾಂಕ ಶುಲ್ಕ 300 ರೂ. ಆಸುಪಾಸು. ನಗರ ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000 ರೂ. ಇದರ ಮೇಲೆ ದಾಖಲೆ ನಿರ್ವಹಣೆ ಮತ್ತು ಏಜೆಂಟರ ಶುಲ್ಕ ಸೇರುತ್ತದೆ. ಆಧಾರ್ ಆಧಾರಿತ ಇ-ನೋಂದಣಿ ಇರುವುದರಿಂದ ಉಪ ನೋಂದಣಾಧಿಕಾರಿ ಕಚೇರಿಗೆ ಹೋಗಲೇಬೇಕೆಂದಿಲ್ಲ.

ಆದರೂ ಕೋಣೆ ಬಾಡಿಗೆಗೆ ಕಾಗದವಿಲ್ಲ

ಇಷ್ಟು ಬಲವಾದ ಕಾನೂನು ಇದ್ದರೂ ಅದು ಎಲ್ಲರ ಮನೆ ಬಾಗಿಲಿಗೆ ತಲುಪಿಲ್ಲ. ಫ್ಲ್ಯಾಟ್ ಹಿಡಿಯುವ ಬ್ಯಾಂಕ್ ನೌಕರ ಕಚೇರಿಗೆ ದಾಖಲೆ ಕೊಡಬೇಕಾಗಿರುವುದರಿಂದ ಕರಾರು ಮಾಡಿಸಿಕೊಳ್ಳುತ್ತಾನೆ. ಯಾರ್ಡ್ ಪಕ್ಕದ ಕೋಣೆಯಲ್ಲಿರುವ ಹಮಾಲ ತಿಂಗಳ ಬಾಡಿಗೆಯನ್ನು ಕೈಗೆ ಕೊಟ್ಟು ಇರುತ್ತಾನೆ. ಅವನ ಬಳಿ ರಸೀದಿಯೂ ಇರುವುದಿಲ್ಲ.

ಮನೆ ನಿಂತಿರುವ ಜಾಗವೂ ಇದಕ್ಕೆ ಒಂದು ಕಾರಣ. ನಾಗ್ಪುರದ ಹೊರವಲಯದಲ್ಲಿ ಅನುಮೋದನೆ ಇಲ್ಲದೆ ಬೆಳೆದ ಬಡಾವಣೆಗಳು ಬಹಳ. ಅವುಗಳನ್ನು 2001ರ ಗುಂಠೇವಾರಿ ಕಾಯ್ದೆಯಡಿ ಸಕ್ರಮಗೊಳಿಸುವ ಕೆಲಸ ನಾಗ್ಪುರ ಇಂಪ್ರೂವ್‌ಮೆಂಟ್ ಟ್ರಸ್ಟ್ ಮೂಲಕ ನಡೆದಿದೆ. ತನ್ನ ಜಾಗದ ದಾಖಲೆಯೇ ಪೂರ್ತಿ ಇಲ್ಲದ ಮಾಲೀಕ ಬಾಡಿಗೆ ಕರಾರಿಗೆ ಮುಂದೆ ಬರುವುದು ಕಷ್ಟ.

ಕಾಗದ ಇಲ್ಲದ್ದರಿಂದ ಆಗುವ ನಷ್ಟ ಜಗಳ ಬಂದಾಗ ಮಾತ್ರ ಕಾಣುವುದಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25 ಸೀಟುಗಳಿಗೆ ಮಹಾರಾಷ್ಟ್ರದಲ್ಲಿ ಅರ್ಜಿ ಹಾಕುವಾಗ ಬಾಡಿಗೆ ಮನೆಯ ಪೋಷಕರು, ಬೇರೆ ಪುರಾವೆ ಇಲ್ಲದಿದ್ದರೆ, ವಿಳಾಸಕ್ಕೆ ನೋಂದಾಯಿತ ಕರಾರನ್ನೇ ತೋರಿಸಬೇಕು. ಬೇರೆ ವಿಳಾಸ ಪುರಾವೆ ಇಲ್ಲದ ಹಮಾಲನ ಮಗುವಿಗೆ ಶಾಲೆ ಪಕ್ಕದಲ್ಲೇ ಇದ್ದರೂ ಸೀಟು ಕೈತಪ್ಪಬಹುದು. ಸೀಟು ಯಾರಿಗಾಗಿ ಮೀಸಲಿಟ್ಟಿದ್ದಾರೋ, ಆ ಕಾಗದ ಇರದಿರುವುದು ಅವರ ಬಳಿಯೇ.

ಹಮಾಲರ ವಿಚಾರದಲ್ಲಿ ಮಹಾರಾಷ್ಟ್ರ ಈ ಪಾಠವನ್ನು ಒಮ್ಮೆ ಕಲಿತಿದೆ. 1969ರ ಮಾಥಾಡಿ ಕಾಯ್ದೆಯಡಿ ಮಂಡಳಿಗಳಲ್ಲಿ ಹೆಸರು ನೋಂದಾಯಿಸಿಕೊಂಡ ಮೇಲೆಯೇ ಹಮಾಲರ ಕೂಲಿ, ಭವಿಷ್ಯ ನಿಧಿಗೆ ಲೆಕ್ಕ ಸಿಕ್ಕಿತು. ಅವರ ದುಡಿಮೆಗೆ ದೊರೆತ ಆ ದಾಖಲೆ ಅವರ ವಾಸಕ್ಕೆ ಇನ್ನೂ ಪೂರ್ತಿ ದೊರೆತಿಲ್ಲ.

ಕರ್ನಾಟಕದಲ್ಲಿ ಸ್ಥಿತಿ ಹೇಗಿದೆ?

ಕರ್ನಾಟಕದಲ್ಲೂ 1999ರ ಬಾಡಿಗೆ ಕಾಯ್ದೆ ಇದೆ. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ., ಇತರ ಕಡೆ 2,000 ರೂ. ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿತು. ಇವತ್ತು ಬೆಂಗಳೂರಿನಲ್ಲಿ 3,500 ರೂ.ಗೆ ಎಂಥ ಮನೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಹೀಗೆ ಹೊರಗುಳಿದ ಮನೆಗಳ ತಕರಾರು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಸಿವಿಲ್ ನ್ಯಾಯಾಲಯದ ಪಾಲಿಗೆ. ತಿಂಗಳ ಲೆಕ್ಕದ ಬಾಡಿಗೆಗೆ, ಬೇರೆ ಕರಾರು ಇಲ್ಲದಿದ್ದರೆ, 15 ದಿನಗಳ ನೋಟಿಸ್ ಸಾಕು.

1908ರ ನೋಂದಣಿ ಕಾಯ್ದೆ ಒಂದು ವರ್ಷ ಮೀರಿದ ಗುತ್ತಿಗೆಗೆ ಮಾತ್ರ ನೋಂದಣಿ ಕಡ್ಡಾಯ ಮಾಡುತ್ತದೆ. ಬೆಂಗಳೂರಿನ ಪ್ರತಿ ಕರಾರೂ ಹನ್ನೊಂದು ತಿಂಗಳಿಗೇ ನಿಲ್ಲುವ ಗುಟ್ಟು ಇದೇ. ಇ-ಸ್ಟ್ಯಾಂಪ್ ಪೇಪರ್, ಎರಡು ಸಹಿ, ಮುಗಿಯಿತು. ಇದರ ಜೊತೆಗೆ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಕೇಳುವ ರೂಢಿ ಬೆಂಗಳೂರಿನಲ್ಲಿ ಬಹುಕಾಲದಿಂದ ಇದೆ. ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದೂ ಮಾಮೂಲಿ. ಉಳಿದ ಹಣಕ್ಕೆ ಮಾಲೀಕ ಸತಾಯಿಸಿದರೆ ಸಿವಿಲ್ ದಾವೆ ಹೂಡುವಷ್ಟು ಸಮಯ ಎಷ್ಟು ಬಾಡಿಗೆದಾರರ ಬಳಿ ಇದೆ?

ಕೇಂದ್ರದ ಮಾದರಿ ಕಾಯ್ದೆ ಏನಾಯಿತು?

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ನೀಡಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ, ಕರಾರನ್ನು ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ತಕರಾರಿಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ ಇರಬೇಕು ಎಂಬುದು ಅದರ ಸಾರ. ಆದರೆ ಅದು ಮಾದರಿ ಮಾತ್ರ. ಜಾರಿ ಮಾಡುವುದು, ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು.

ಪಕ್ಕದ ತಮಿಳುನಾಡು ಅದಕ್ಕೂ ಮೊದಲೇ 2017ರ ಕಾಯ್ದೆಯಲ್ಲಿ ಮೂರು ತಿಂಗಳ ಠೇವಣಿಯ ಮಿತಿ ಹಾಕಿತ್ತು. ಮಹಾರಾಷ್ಟ್ರದ 1999ರ ಕಾಯ್ದೆಯಲ್ಲೂ ಠೇವಣಿಗೆ ಮಿತಿ ಇಲ್ಲ ಎಂಬುದನ್ನು ಮರೆಯುವಂತಿಲ್ಲ.

ಕೂಲಿಗಳಿಗೆ ಕೈಗೆಟಕುವ ಬಾಡಿಗೆ ಮನೆಗಳ ಯೋಜನೆ 2020ರ ಲಾಕ್‌ಡೌನ್ ವಲಸೆಯ ನಂತರ ಶುರುವಾಯಿತು. 2024ರ ಪಿಎಂ ಆವಾಸ್-ನಗರ 2.0ರಲ್ಲೂ ಬಾಡಿಗೆ ಮನೆಗೆ ಪ್ರತ್ಯೇಕ ವಿಭಾಗವಿದೆ. ಇನ್ನೊಂದು ಕಡೆ, 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ 1.1 ಕೋಟಿಗೂ ಹೆಚ್ಚು ಮನೆಗಳು ಖಾಲಿ ಇದ್ದವು. ಬಾಡಿಗೆಗೆ ಕೊಟ್ಟರೆ ವಾಪಸ್ ಬರುತ್ತದೋ ಇಲ್ಲವೋ ಎಂಬ ಮಾಲೀಕರ ಅನುಮಾನವೂ ಮನೆಗಳು ಖಾಲಿ ಉಳಿಯಲು ಒಂದು ಕಾರಣ.

ನಾಗ್ಪುರಕ್ಕೆ ಹೋಗುವ ಕನ್ನಡಿಗರು ಗಮನಿಸಿ

ರೈಲ್ವೆ, ಬ್ಯಾಂಕ್, ಏಮ್ಸ್, ಮಿಹಾನ್‌ನ ಐಟಿ ಕಂಪನಿಗಳ ಕೆಲಸಕ್ಕೆ ನಾಗ್ಪುರಕ್ಕೆ ಹೋಗುವವರು ಇವನ್ನು ನೆನಪಿಡಬೇಕು:

- ಠೇವಣಿ ಕೊಡುವ ಮೊದಲು ಮಾಲೀಕರ ಹೆಸರಿನ ವಿದ್ಯುತ್ ಬಿಲ್, ಪಾಲಿಕೆಯ ತೆರಿಗೆ ರಸೀದಿ ನೋಡಿ.
- ಹೊರವಲಯದ ಬಡಾವಣೆಯಾದರೆ ಸಕ್ರಮವಾಗಿದೆಯೇ, ಪಾಲಿಕೆಯ ನೀರು ಬರುತ್ತದೆಯೇ ಎಂದು ಕೇಳಿ.
- ಪೊಲೀಸರಿಗೆ ಬಾಡಿಗೆದಾರರ ವಿವರ ಕೊಡುವುದು ಬೇರೆ, ಕರಾರು ನೋಂದಣಿ ಬೇರೆ. ಒಂದು ಮಾಡಿದರೆ ಇನ್ನೊಂದು ಆದಂತಲ್ಲ.
- ಬಾಡಿಗೆ, ಠೇವಣಿಯನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ.

ಮುಂದೇನು?

ಕರ್ನಾಟಕದ ಮುಂದಿರುವ ಕೆಲಸ ದೊಡ್ಡದೇನಲ್ಲ. 3,500 ರೂ. ಮಿತಿಯನ್ನು ಇಂದಿನ ಬಾಡಿಗೆಗೆ ತಕ್ಕಂತೆ ತಿದ್ದಬೇಕು, ಠೇವಣಿಗೆ ಮಿತಿ ಹಾಕಬೇಕು, ಹನ್ನೊಂದು ತಿಂಗಳ ಕರಾರಿಗೂ ಅಗ್ಗದ ಆನ್‌ಲೈನ್ ನೋಂದಣಿ ತಂದು ಅದರ ಹೊಣೆಯನ್ನು ಮಾಲೀಕರ ಮೇಲೆ ಇಡಬೇಕು.

ಇಷ್ಟು ಮಾಡಿದರೂ ಸಾಲದು ಎಂಬುದಕ್ಕೆ ಕಳಮನಾದ ಕೋಣೆಗಳೇ ಸಾಕ್ಷಿ. ನೋಂದಣಿ ಶುಲ್ಕ ಫ್ಲ್ಯಾಟ್‌ಗೂ ಒಂದೇ, ಒಂಟಿ ಕೋಣೆಗೂ ಒಂದೇ ಆಗಿದ್ದರೆ ಕೂಲಿಯವನು ಹಿಂದೆ ಸರಿಯುತ್ತಾನೆ. ಸಣ್ಣ ಬಾಡಿಗೆಗೆ ಶುಲ್ಕ ಮನ್ನಾ ಮಾಡಿ, ವಾರ್ಡ್ ಕಚೇರಿಯಲ್ಲೇ ನೋಂದಣಿಯಾಗುವಂತೆ ಮಾಡಿದರೆ ಯಶವಂತಪುರದ ಹಮಾಲನಿಗೂ ನಗರದಲ್ಲಿ ತನ್ನದೆಂದು ಹೇಳಿಕೊಳ್ಳಲು ಒಂದು ವಿಳಾಸ ಸಿಗುತ್ತದೆ.